ಎಂಜಿನ್ ಮೌಂಟಿಗೆ ಬೈಕಿನ ರಬ್ಬರ್ ಬುಷ್ ಹಾಕಬಹುದೇ?

ಪ್ರಶ್ನೆ: ನಾನು ಹೊಸೂರಿನವನು. ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಡೈ (ಅಚ್ಚು) ಮಾಡುವ ಸಣ್ಣ ವರ್ಕ್‌ಶಾಪ್ ಇದೆ. ಬೆಳಗೊಂಡಪಳ್ಳಿಯ ರನ್‌ವೇಗೆ ಇಳಿಯುವ ವಿಮಾನಗಳನ್ನು ತಳಿ ರಸ್ತೆಯಲ್ಲಿ ಸೈಕಲ್ ನಿಲ್ಲಿಸಿ ನೋಡುತ್ತಿದ್ದ ಹುಚ್ಚು, ಕೊನೆಗೆ ನನ್ನಿಂದಲೇ ಒಂದು ವಿಮಾನ ಕಟ್ಟಿಸಿತು. ಇಬ್ಬರು ಕೂರುವ ಕಿಟ್ ವಿಮಾನ (ಬಿಡಿಭಾಗ ತರಿಸಿ ನಾವೇ ಜೋಡಿಸುವಂಥದ್ದು), ಮೂಗಿನ ಕೆಳಗೆ ಚಕ್ರ ಇರುವಂಥದ್ದು. ರೋಟ್ಯಾಕ್ಸ್ 912 ಯುಎಲ್ ಎಂಜಿನ್, 80 ಅಶ್ವಶಕ್ತಿ. ಎಂಜಿನ್ ಕೂರಿಸಿ 9 ವರ್ಷವಾಯಿತು, ಓಡಿದ್ದು 140 ಗಂಟೆ. ಒಂದು ವರ್ಷದಿಂದ ಸ್ಟಾರ್ಟ್ ಮಾಡುವಾಗಲೂ ನಿಲ್ಲಿಸುವಾಗಲೂ ಮೂತಿಯೆಲ್ಲ ಒದರುತ್ತದೆ. 1500 ಆರ್‌ಪಿಎಂ ಐಡಲ್‌ನಲ್ಲಿ ಮೀಟರಿನ ಮುಳ್ಳು ಓದಲಾಗುವುದಿಲ್ಲ. ಮೇಲೆ ಹೋದಾಗ ಪರವಾಗಿಲ್ಲ. ಸ್ಪಿನ್ನರ್ (ಪ್ರೊಪೆಲ್ಲರಿನ ನಡುವಿನ ಟೊಪ್ಪಿಗೆ) ಎಂಜಿನ್ನಿನ ಹೊದಿಕೆಯಾದ ಕೌಲಿಂಗಿಗಿಂತ 5 ಮಿ.ಮೀ. ಕೆಳಗೆ ಕೂತಿದೆ. ಎಂಜಿನ್ನನ್ನು ವಿಮಾನಕ್ಕೆ ಹಿಡಿದಿಡುವ ಮೌಂಟಿನ ರಬ್ಬರುಗಳಲ್ಲಿ ಸಣ್ಣ ಬಿರುಕು ಕಾಣುತ್ತದೆ. ಹೊರದೇಶದಿಂದ ತರಿಸಲು ದುಡ್ಡೂ ಹೆಚ್ಚು, ತಿಂಗಳುಗಟ್ಟಲೆ ಕಾಯಬೇಕು. ಪಕ್ಕದ ಶೆಡ್ಡಿನ ಗೆಳೆಯ ಬೈಕ್ ಎಂಜಿನ್ನಿನ ಬುಷ್ ಮೋಲ್ಡ್ ಮಾಡುತ್ತಾನೆ. ಅದೇ ಅಳತೆಗೆ, ಇನ್ನೂ ಗಟ್ಟಿ ರಬ್ಬರಿನಲ್ಲಿ, ಒಂದೇ ವಾರದಲ್ಲಿ ಮಾಡಿಕೊಡುತ್ತೇನೆ ಎನ್ನುತ್ತಾನೆ. ಅನುಭವಸ್ಥ ಮೆಕ್ಯಾನಿಕ್ ಒಬ್ಬರು ‘ರಬ್ಬರ್ ಬೇಡ, ಬೋಲ್ಟ್ ಇನ್ನೊಂದು ಸುತ್ತು ಬಿಗಿ ಮಾಡಿ ಸಾಕು’ ಎಂದರು. ಏನು ಮಾಡಲಿ? ಎಂಜಿನ್ ಪೂರ್ತಿ ಇಳಿಸಬೇಕೇ? ರಬ್ಬರ್ ಬದಲಿಸಿದರೆ ನಡುಕ ಹೋಗುತ್ತದೆಯೇ?

ಉತ್ತರ: ನೀವು ಕೇಳಿದ್ದು ಮೂರು ಪ್ರಶ್ನೆ. ಪತ್ರದ ನಡುವೆ ನಾಲ್ಕನೆಯದೊಂದು ಅಡಗಿದೆ: ಈ ನಡುಕ ಹುಟ್ಟುತ್ತಿರುವುದು ಎಲ್ಲಿ? ಅದರಿಂದಲೇ ಶುರು ಮಾಡುತ್ತೇನೆ. ಮೌಂಟ್ ನಡುಕವನ್ನು ಹುಟ್ಟಿಸುವುದಿಲ್ಲ. ಎಂಜಿನ್ನೂ ಪ್ರೊಪೆಲ್ಲರೂ ಹುಟ್ಟಿಸಿದ ನಡುಕ ವಿಮಾನದ ಮೈಗೆ ಎಷ್ಟು ಹೋಗಬೇಕು ಎಂಬುದನ್ನಷ್ಟೇ ಅದು ನೋಡಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಮೂವತ್ತು ವರ್ಷ ಸಣ್ಣ ವಿಮಾನಗಳ ಹೊಟ್ಟೆಯ ಕೆಳಗೆ ಮಲಗಿ ಕೆಲಸ ಮಾಡಿದವನು ನಾನು. ಹೊಸ ಮೌಂಟ್ ಹಾಕಿಸಿಕೊಂಡು ಹೋದವರು ಎರಡೇ ವಾರದಲ್ಲಿ ಅದೇ ದೂರು ಹೊತ್ತು ತಿರುಗಿ ಬಂದದ್ದನ್ನು ಹಲವು ಸಲ ನೋಡಿದ್ದೇನೆ. ಪ್ರೊಪೆಲ್ಲರಿನ ಒಂದು ರೆಕ್ಕೆಯ ಕೋನ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ, ಅಷ್ಟೇ.

ಆದರೂ ನಿಮ್ಮ ವಿಷಯದಲ್ಲಿ ಮೌಂಟ್ ಸವೆದಿರುವುದು ಖಂಡಿತ. ಸ್ಪಿನ್ನರ್ ಇಳಿದಿರುವುದೇ ಸಾಕ್ಷಿ. ಎಂಜಿನ್ ಫೈರ್‌ವಾಲಿನಿಂದ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆ) ಮುಂದಕ್ಕೆ ಚಾಚಿ ನೇತಾಡುತ್ತಿದೆ. ಅದರ ಭಾರಕ್ಕೆ ಮೇಲಿನ ಎರಡು ಮೌಂಟ್ ಮುಂದಕ್ಕೆ ಎಳೆಯಲ್ಪಡುತ್ತವೆ, ಕೆಳಗಿನ ಎರಡು ಹಿಂದಕ್ಕೆ ಒತ್ತಲ್ಪಡುತ್ತವೆ. ವರ್ಷಗಟ್ಟಲೆ ಒಂದೇ ಕಡೆಗೆ ಭಾರ ಹೊತ್ತ ರಬ್ಬರ್ ಆ ಆಕಾರಕ್ಕೇ ಕೂತುಬಿಡುತ್ತದೆ. ಭಾರ ತೆಗೆದರೂ ಪೂರ್ತಿ ಹಿಂದಿರುಗುವುದಿಲ್ಲ. ಸ್ಪಿನ್ನರ್ ಮೌಂಟಿನಿಂದ ದೂರ ಇರುವುದರಿಂದ ಮೌಂಟಿನ ಹತ್ತಿರದ ಒಂದೂವರೆ ಮಿ.ಮೀ. ಕುಸಿತ ಮೂತಿಯಲ್ಲಿ 5 ಮಿ.ಮೀ. ಆಗಿ ಕಾಣಬಹುದು. ಕೌಲಿಂಗಿನ ಒಳಗೆ ಎಕ್ಸಾಸ್ಟ್ ಪೈಪ್ ಎಲ್ಲಾದರೂ ತಾಗಿ ಹೊಳಪು ಗುರುತು ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಇವತ್ತಿನಿಂದಲೇ ಹಾರಾಟ ನಿಲ್ಲಿಸಿ.

ಇನ್ನು ಆ ಬಿರುಕು. ರಬ್ಬರನ್ನು ಕೊಲ್ಲುವುದು ಗಂಟೆಗಳಿಗಿಂತ ಹೆಚ್ಚಾಗಿ ವರ್ಷಗಳು. 140 ಗಂಟೆ ಎಂಜಿನ್ನಿಗೆ ಏನೂ ಅಲ್ಲ. 9 ವರ್ಷ ರಬ್ಬರಿಗೆ ಮುಪ್ಪು. ಶಾಖ, ಎಣ್ಣೆ, ಓಝೋನ್ ಮೂರೂ ಅದನ್ನು ತಿನ್ನುತ್ತವೆ. ಗಾಳಿಯಲ್ಲಿ ಓಝೋನ್ ತುಸುವೇ ಇದ್ದರೂ ಎಳೆತದಲ್ಲಿರುವ ರಬ್ಬರ್ ಎಳೆತಕ್ಕೆ ಅಡ್ಡಡ್ಡವಾಗಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಆರ್ಕ್ ವೆಲ್ಡಿಂಗಿನ ಕಿಡಿಯಿಂದಲೂ ಬ್ರಷ್ ಇರುವ ಮೋಟರುಗಳ ಕಿಡಿಯಿಂದಲೂ ಓಝೋನ್ ಹುಟ್ಟುತ್ತದೆ. ನಿಮ್ಮ ವಿಮಾನ ನಿಲ್ಲುವ ಶೆಡ್ಡಿನ ಗೋಡೆಯಾಚೆ ಫ್ಯಾಬ್ರಿಕೇಶನ್ ನಡೆಯುತ್ತಿದ್ದರೆ ಜಾಗ ಬದಲಿಸುವುದು ಒಳ್ಳೆಯದು. ಇನ್ನೊಂದು, ಬೈಕ್ ಸರ್ವೀಸಿನವರ ಹಾಗೆ ಎಂಜಿನ್ನಿಗೆ ಡೀಸೆಲ್ ಹೊಡೆದು ತೊಳೆಯುವ ಅಭ್ಯಾಸ ನಿಮಗಿದ್ದರೆ ದಯವಿಟ್ಟು ಬಿಡಿ. ಡೀಸೆಲ್ ಕುಡಿದ ನೈಸರ್ಗಿಕ ರಬ್ಬರ್ ಉಬ್ಬಿ, ಮೆತ್ತಗಾಗಿ, ಲೋಹದಿಂದ ಬಿಟ್ಟುಕೊಳ್ಳುತ್ತದೆ.

ಈಗ ನಿಮ್ಮ ಗೆಳೆಯರ ‘ಇನ್ನೂ ಗಟ್ಟಿ ರಬ್ಬರ್’ ವಿಚಾರ. ಗಟ್ಟಿಯಾದದ್ದು ಬಾಳಿಕೆ ಬರುತ್ತದೆ ಎನ್ನುವುದು ಚಪ್ಪಲಿಗೆ ಸರಿ. ಮೌಂಟಿನ ಕೆಲಸವೇ ಬೇರೆ. ಅಳತೆಗೆ ತಕ್ಕಷ್ಟು ಬಗ್ಗಿಕೊಡುವುದು ಅದರ ಕೆಲಸ. ಇದನ್ನು ಬಾಯಿಮಾತಿನಲ್ಲಿ ಹೇಳಿ ಬಿಟ್ಟರೆ ಡೈ ಮಾಡುವ ನಿಮಗೆ ತೃಪ್ತಿಯಾಗದು. ಲೆಕ್ಕ ಹಾಕೋಣ.

ರಬ್ಬರಿನ ಮೇಲೆ ಕೂತ ಎಂಜಿನ್ನಿಗೆ ತನ್ನದೇ ಒಂದು ಓಲಾಟದ ಲಯ ಇರುತ್ತದೆ. ಎಂಜಿನ್ನಿನ ಭಾರಕ್ಕೆ ರಬ್ಬರ್ ಎಷ್ಟು ಸೆಂಟಿಮೀಟರ್ ತಗ್ಗುತ್ತದೋ ಅದರ ವರ್ಗಮೂಲದಿಂದ 5ನ್ನು ಭಾಗಿಸಿದರೆ, ಸೆಕೆಂಡಿಗೆ ಎಷ್ಟು ಓಲಾಟ ಎಂಬುದು ಹೆಚ್ಚುಕಡಿಮೆ ಸಿಗುತ್ತದೆ. ಹೊಸ ರಬ್ಬರ್ ಕಾಲು ಸೆಂಟಿಮೀಟರ್ ತಗ್ಗುತ್ತದೆ ಎಂದುಕೊಳ್ಳಿ. ಲಯ ಸೆಕೆಂಡಿಗೆ 10. ನಿಮ್ಮ 912 ಯುಎಲ್‌ನ ಗೇರ್‌ಬಾಕ್ಸ್ ಅನುಪಾತ 2.27. ಎಂಜಿನ್ 1500 ತಿರುಗಿದರೆ ಪ್ರೊಪೆಲ್ಲರ್ 660 ಸುತ್ತು, ಎಂದರೆ ಸೆಕೆಂಡಿಗೆ 11. ಪ್ರೊಪೆಲ್ಲರಿನಲ್ಲಿ ತುಸು ತೂಕದ ಏರುಪೇರಿದ್ದರೂ ಅದು ಸೆಕೆಂಡಿಗೆ 11 ಸಲ ತಳ್ಳುತ್ತದೆ. ತಲೆಯ ಮೇಲೆ ತುಂಬಿದ ಕೊಡ ಹೊತ್ತು ನಡೆಯುವವರಿಗೆ ಗೊತ್ತು: ಹೆಜ್ಜೆಯ ತಾಳಕ್ಕೂ ನೀರಿನ ತುಳುಕಾಟದ ತಾಳಕ್ಕೂ ಕೂಡಿಬಂದರೆ ನೀರೆಲ್ಲ ಮೈಮೇಲೆ. ಶಾಲೆಯಲ್ಲಿ ಅನುರಣನೆ ಎಂದು ಓದಿದ್ದು ಇದನ್ನೇ. ವಯಸ್ಸಾದ ರಬ್ಬರ್ ಐದನೇ ಒಂದು ಪಾಲು ಬಿಗಿಯಾದರೂ ಸಾಕು, ಎಂಜಿನ್ನಿನ ಲಯ 10ರಿಂದ 11ಕ್ಕೆ ಏರಿ ನಿಮ್ಮ ಐಡಲ್ಲಿಗೆ ನೇರ ತಾಳ ಹಾಕುತ್ತದೆ. ಸ್ಟಾರ್ಟ್ ಮಾಡುವಾಗ, ನಿಲ್ಲಿಸುವಾಗ ಒದರುವುದೂ ಇದಕ್ಕೇ. ಆ ಎರಡು ಗಳಿಗೆಯಲ್ಲಿ ಎಂಜಿನ್ ಈ ಲಯವನ್ನು ದಾಟಿಯೇ ಹೋಗಬೇಕು. ಮೇಲೆ ಹಾರುವಾಗ 5000 ಆರ್‌ಪಿಎಂನಲ್ಲಿ ಪ್ರೊಪೆಲ್ಲರ್ ಸೆಕೆಂಡಿಗೆ 37 ಸುತ್ತು ಹಾಕುತ್ತಿರುತ್ತದೆ, ಲಯದಿಂದ ಬಹಳ ದೂರ. ಅದಕ್ಕೇ ‘ಮೇಲೆ ಹೋದಾಗ ಪರವಾಗಿಲ್ಲ’ ಎಂದು ನೀವು ಬರೆದದ್ದು.

ಈಗ ಗೆಳೆಯರ ಬುಷ್ ಹಾಕಿದಿರಿ ಎನ್ನಿ. ರಬ್ಬರಿನ ಗಡಸುತನದ ಶೋರ್ ಎ ಅಳತೆಯಲ್ಲಿ 50 ಇದ್ದದ್ದನ್ನು 70 ಮಾಡಿದರೆ ಬಿಗಿತ ಎರಡೂವರೆ ಪಟ್ಟಿನ ಆಸುಪಾಸಿಗೆ ಹೋಗುತ್ತದೆ. ಲಯ 10ರಿಂದ 16ರ ಹತ್ತಿರಕ್ಕೆ ಏರುತ್ತದೆ. ಅದು ಕೂಡಿಬರುವುದು ಎಂಜಿನ್ 2100–2200 ತಿರುಗುವಾಗ. ಬೆಳಿಗ್ಗೆ ಎಂಜಿನ್ ಬಿಸಿ ಮಾಡಲು ನೀವು 2000ದಲ್ಲಿ ಇಟ್ಟು ಆಮೇಲೆ 2500ಕ್ಕೆ ಏರಿಸುತ್ತೀರಲ್ಲ, ಸರಿಯಾಗಿ ಅದರ ನಡುವೆ. ಅಷ್ಟೇ ಅಲ್ಲ. 5000ದಲ್ಲಿ ಹಾರುವಾಗ ಮೊದಲು ಪ್ರೊಪೆಲ್ಲರಿನ ನಡುಕದ ಶೇ 8ರಷ್ಟು ಮೈಗೆ ದಾಟುತ್ತಿದ್ದರೆ, ಈಗ ಶೇ 23ರಷ್ಟು ದಾಟುತ್ತದೆ. ಸುಮಾರು ಮೂರು ಪಟ್ಟು. ಆ ಏಟು ತಿನ್ನುವುದು ರೇಡಿಯೇಟರಿನ ಬ್ರಾಕೆಟ್, ಮೀಟರುಗಳು, ಮೌಂಟ್ ಚೌಕಟ್ಟಿನ ವೆಲ್ಡಿಂಗ್. ಇದು ಮೇಲೆ ಕೆಳಗೆ ಆಡುವ ಒಂದೇ ಚಲನೆಯ ಲೆಕ್ಕ. ಎಂಜಿನ್ ತಲೆದೂಗುತ್ತದೆ, ಪಕ್ಕಕ್ಕೆ ವಾಲುತ್ತದೆ, ತಿರುಚಿಕೊಳ್ಳುತ್ತದೆ, ಒಂದೊಂದಕ್ಕೂ ಬೇರೆ ಲಯ. ಕಿಟ್ ಮಾಡಿದವರು ಅಷ್ಟನ್ನೂ ಹೊಂದಿಸಿ ಆರಿಸಿದ ರಬ್ಬರನ್ನು ಬೆರಳಿನಿಂದ ಅದುಮಿ ನೋಡಿ ಬದಲಿಸಲಾಗದು. ಮೆತ್ತಗಿನದು ಹಾಕಿದರೆ ಸುಖ ಎಂದುಕೊಳ್ಳುವುದೂ ತಪ್ಪೇ. ಆಗ ಎಂಜಿನ್ ಜೋರಾಗಿ ಓಲಾಡಿ ಹೋಸು, ಕೇಬಲ್ಲುಗಳನ್ನು ಎಳೆದು ಕೀಳುತ್ತದೆ.

ನಿಮ್ಮ ಗೆಳೆಯರ ಕೈಚಳಕದ ಬಗ್ಗೆ ನನಗೆ ಒಂದಿಷ್ಟೂ ಅನುಮಾನವಿಲ್ಲ. ಟಿವಿಎಸ್, ಅಶೋಕ್ ಲೇಲ್ಯಾಂಡ್ ಕಾರ್ಖಾನೆಗಳ ನೆರಳಲ್ಲಿ ಬೆಳೆದ ಊರು ಹೊಸೂರು, ರಬ್ಬರ್ ಭಾಗ ಮಾಡುವವರಿಗೆ ಅಲ್ಲಿ ಕೊರತೆಯಿಲ್ಲ. ಆದರೆ ಬೈಕಿನ ಬುಷ್ ಹರಿದರೆ ಬೈಕನ್ನು ಪಕ್ಕಕ್ಕೆ ನಿಲ್ಲಿಸಬಹುದು. ಇಲ್ಲಿ ಗೊತ್ತಿರಬೇಕಾದ್ದು ಅಳತೆಯೊಂದೇ ಅಲ್ಲ: ಯಾವ ಮಿಶ್ರಣದ ರಬ್ಬರ್, ಲೋಹಕ್ಕೆ ಅದು ಎಷ್ಟು ಬಲವಾಗಿ ಅಂಟಿದೆ, ಉದ್ದಕ್ಕೆ ಎಷ್ಟು ಬಗ್ಗುತ್ತದೆ, ಅಡ್ಡಕ್ಕೆ ಎಷ್ಟು, ಎಂಜಿನ್ ಶಾಖದಲ್ಲಿ ವರ್ಷ ಕಳೆದ ಮೇಲೆ ಎಷ್ಟು. ಇದಕ್ಕೆ ಉತ್ತರ ಇಲ್ಲದ ಬುಷ್ಷಿನ ಮೇಲೆ ಕೂತು ನೀವು ಹಾರುವುದು ನನಗೆ ಬೇಡ. ನೆಲದ ಮೇಲೆ ಓಡಿಸಿ ನೋಡುವುದಕ್ಕೂ ಬೇಡ. ಹಾಗೊಮ್ಮೆ ಹಾಕಿದ್ದು ಅಲ್ಲೇ ಉಳಿದುಬಿಡುತ್ತದೆ.

‘ಇನ್ನೊಂದು ಸುತ್ತು ಬಿಗಿ ಮಾಡಿ’ ಎಂಬ ಸಲಹೆ ಇದಕ್ಕಿಂತ ಅಪಾಯದ್ದು. ಇಂಥ ಮೌಂಟಿನ ಒಳಗೆ ಒಂದು ಲೋಹದ ಕೊಳವೆ, ಸ್ಪೇಸರ್, ಇರುತ್ತದೆ. ಬೋಲ್ಟ್ ಬಿಗಿಯಾದಾಗ ಎರಡೂ ಕಡೆಯ ವಾಷರುಗಳು ಬಂದು ಆ ಕೊಳವೆಗೆ ಕೂತು ನಿಲ್ಲುತ್ತವೆ. ರಬ್ಬರ್ ಎಷ್ಟು ಅದುಮಿಕೊಳ್ಳಬೇಕು ಎಂಬುದನ್ನು ಕೊಳವೆಯ ಉದ್ದ ನಿರ್ಧರಿಸುತ್ತದೆ, ನಿಮ್ಮ ಸ್ಪ್ಯಾನರ್ ಅಲ್ಲ. ಟಾರ್ಕ್ ಬೀಳುವುದು ಲೋಹದ ಮೇಲೆ. ಸ್ಪೇಸರ್ ಸರಿ ಇದ್ದರೆ ಎಷ್ಟು ಬಿಗಿದರೂ ರಬ್ಬರಿಗೆ ಏನೂ ಆಗುವುದಿಲ್ಲ, ಬೋಲ್ಟ್ ಮಾತ್ರ ಹಿಗ್ಗಿ ಬಲ ಕಳೆದುಕೊಳ್ಳುತ್ತದೆ. ಬಿಗಿದಂತೆಲ್ಲ ರಬ್ಬರ್ ಹೊರಗೆ ಉಬ್ಬಿ ಬರುತ್ತಿದ್ದರೆ ಸ್ಪೇಸರ್ ಕಳೆದುಹೋಗಿದೆ, ಇಲ್ಲವೇ ಗಿಡ್ಡವಿದೆ ಎಂದರ್ಥ. ಅಲ್ಲೇ ಕೈ ನಿಲ್ಲಿಸಬೇಕು. ಹಳೆಯದನ್ನು ಬಿಚ್ಚಿದ ದಿನ ನಾಲ್ಕೂ ಸ್ಪೇಸರಿನ ಉದ್ದವನ್ನು ವರ್ನಿಯರಿನಲ್ಲಿ ಅಳೆದು ಡ್ರಾಯಿಂಗಿನ ಜೊತೆ ತಾಳೆ ನೋಡಿ.

ಹಾಗಾದರೆ ಇರುವ ದಾರಿಗಳೇನು? ಕಿಟ್ ಮಾಡಿದವರಿಂದಲೇ ನಾಲ್ಕರ ಸೆಟ್ ತರಿಸುವುದು ಮೊದಲನೆಯದು. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ. ಬಂದ ಪೊಟ್ಟಣದ ಮೇಲೆ ರಬ್ಬರ್ ತಯಾರಾದ ತಿಂಗಳು, ವರ್ಷ ನೋಡಿ. ಅಂಗಡಿಯ ಕಪಾಟಿನಲ್ಲೇ ಮುಪ್ಪಾದ ಸರಕು ಬಂದರೆ ಹಿಂದಿರುಗಿಸಿ. ಎರಡನೆಯದು, ಕಿಟ್ಟಿನವರು ಬಳಸಿದ ಮೌಂಟ್ ಬೇರೆ ಕಂಪನಿ ಮಾಡಿದ್ದಾಗಿದ್ದು ಅದರ ಪಾರ್ಟ್ ನಂಬರ್ ನಿಮಗೆ ಗೊತ್ತಿದ್ದರೆ, ಅದೇ ನಂಬರನ್ನು ನೇರ ಆ ಕಂಪನಿಯಿಂದ ಕೊಳ್ಳುವುದು. ಕೆಲವೊಮ್ಮೆ ಇದು ಅಗ್ಗ, ಬೇಗ. ಆದರೆ ನೋಡಲು ಒಂದೇ ತರಹ ಇದ್ದು ಕೊನೆಯ ಒಂದು ಅಂಕಿಯಲ್ಲಿ ಬಿಗಿತ ಬೇರೆಯಾಗುವ ಮೌಂಟುಗಳಿವೆ. ಕಿಟ್ಟಿನವರಿಂದ ಲಿಖಿತ ಒಪ್ಪಿಗೆ ಇಲ್ಲದೆ ಹಾಕಬೇಡಿ. ನಿಮ್ಮ ವಿಮಾನಕ್ಕೆ ವಿಮಾನಯಾನ ನಿಯಂತ್ರಕ ಡಿಜಿಸಿಎ ಅನುಮತಿ ಸಿಕ್ಕಿರುವುದು ಕಾಗದದಲ್ಲಿರುವ ವಿನ್ಯಾಸಕ್ಕೆ. ಮೌಂಟ್ ಬೇರೆಯಾದರೆ ವಿನ್ಯಾಸವೇ ಬೇರೆಯಾದಂತೆ, ಆ ಮಾತನ್ನು ಸಹಿ ಹಾಕುವ ಎಂಜಿನಿಯರ್ ಜೊತೆ ಮೊದಲೇ ಆಡಿ. ಎರಡೇ ಬದಲಿಸಿ ದುಡ್ಡು ಉಳಿಸುವ ಯೋಚನೆ ಬೇಡ. ಹಳೆಯದೂ ಹೊಸದೂ ಸೇರಿದರೆ ಭಾರವೆಲ್ಲ ಬಿಗಿಯಾದವುಗಳ ಮೇಲೆ ಬಿದ್ದು ಎಂಜಿನ್ ಸೊಟ್ಟಗೆ ಕೂರುತ್ತದೆ.

ಸರಕು ಬರುವವರೆಗಿನ ತಿಂಗಳುಗಳನ್ನು ವ್ಯರ್ಥ ಮಾಡಬೇಡಿ. ನಡುಕದ ಬೇರು ಹುಡುಕುವ ಕೆಲಸ ಅಷ್ಟರಲ್ಲಿ ಆಗಬೇಕು. ಪ್ರೊಪೆಲ್ಲರಿನ ಬೋಲ್ಟುಗಳ ಟಾರ್ಕ್ ನೋಡಿ. ರೆಕ್ಕೆಗಳ ಕೋನ ಒಂದಕ್ಕೊಂದು ಅರ್ಧ ಡಿಗ್ರಿಯೊಳಗೆ ಇರಲಿ. ತುದಿಗಳು ಒಂದೇ ಹಾದಿಯಲ್ಲಿ ತಿರುಗುತ್ತಿವೆಯೇ ಎಂದು, ಇಗ್ನಿಶನ್ ಆಫ್ ಮಾಡಿ, ಪ್ಲಗ್ಗುಗಳನ್ನು ಬಿಚ್ಚಿಟ್ಟು, ಕೈಯಿಂದ ತಿರುಗಿಸಿ ನೆಲದ ಮೇಲಿನ ಒಂದು ಗುರುತಿಗೆ ಹೋಲಿಸಿ. ಆಮೇಲೆ ಕಾರ್ಬುರೇಟರುಗಳು. ನಿಮ್ಮ ಎಂಜಿನ್ನಿನಲ್ಲಿ ಎರಡು ಬಿಂಗ್ ಕಾರ್ಬುರೇಟರ್, ಒಂದೊಂದು ಎರಡೆರಡು ಸಿಲಿಂಡರಿಗೆ. ಎರಡೂ ಸಮನಾಗಿ ತೆರೆಯದಿದ್ದರೆ ಎಂಜಿನ್ನಿನ ಒಂದು ಕಡೆ ಇನ್ನೊಂದರ ಜೊತೆ ಜಗಳಕ್ಕೆ ಬೀಳುತ್ತದೆ, ಅದೂ ಮುಖ್ಯವಾಗಿ ಐಡಲ್ಲಿನಲ್ಲಿ. ಗೇಜ್ ಹಾಕಿ ಸಮ ಮಾಡಿಸಿ. ಕಾರ್ಬುರೇಟರ್ ಕೂರುವ ರಬ್ಬರ್ ಫ್ಲ್ಯಾಂಜಿನಲ್ಲಿ ಬಿರುಕಿದ್ದರೆ ಗಾಳಿ ಒಳಸೇರಿ ಇದೇ ನಡುಕ ಬರುತ್ತದೆ. ಫ್ಲ್ಯಾಂಜ್, ಪೆಟ್ರೋಲ್ ಹೋಸು, ಕೂಲಂಟ್ ಹೋಸು, ಆಯಿಲ್ ಹೋಸುಗಳನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು ಎಂದು ರೋಟ್ಯಾಕ್ಸ್ ಹೇಳುತ್ತದೆ. ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. 9 ವರ್ಷದ ಮೂಲ ಹೋಸುಗಳೇ ಇನ್ನೂ ಇದ್ದರೆ ಮೌಂಟಿಗಿಂತ ಅದೇ ನನ್ನ ನಿದ್ದೆ ಕೆಡಿಸುತ್ತದೆ. ಐಡಲ್ಲನ್ನೂ 1800ರ ಹತ್ತಿರಕ್ಕೆ ಏರಿಸಿ. 1400 ಕನಿಷ್ಠ ಮಿತಿ, ಅಲ್ಲೇ ಇಡಬೇಕೆಂದಿಲ್ಲ. ಗೇರ್‌ಬಾಕ್ಸಿನ ಬಡಿತವೂ ಕಡಿಮೆಯಾಗುತ್ತದೆ.

ಎಂಜಿನ್ ಪೂರ್ತಿ ಇಳಿಸುವುದು ನೆಗಡಿ ಬಂತೆಂದು ಮೂಗು ಕೊಯ್ದಂತೆ. ಭಾರ ಹಿಡಿದುಕೊಂಡು ಒಂದೊಂದೇ ಮೌಂಟ್ ಬದಲಿಸಬಹುದು. ಬ್ಯಾಟರಿ ಬಿಚ್ಚಿ, ಪ್ಲಗ್ ಕ್ಯಾಪುಗಳನ್ನು ತೆಗೆದು, ಚಕ್ರಗಳಿಗೆ ಕಲ್ಲು ಕೊಡಿ. ಬಾಲದ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡುವುದನ್ನು ಮಾತ್ರ ಮರೆಯಬೇಡಿ. 60–70 ಕಿಲೊ ಎಂಜಿನ್ನಿನ ಭಾರವನ್ನು ಚೈನ್ ಪುಲ್ಲಿ ಹೊತ್ತ ಕೂಡಲೇ ಮೂಗುಚಕ್ರದ ವಿಮಾನ ಬಾಲದ ಮೇಲೆ ಕೂರುತ್ತದೆ, ಒಳಗಿನವರ ಕೈ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎಂಜಿನ್ನನ್ನು ಎತ್ತಲು ಕೈಪಿಡಿಯಲ್ಲಿ ತೋರಿಸಿದ ಜಾಗಗಳಿಗೇ ಪಟ್ಟಿ ಹಾಕಿ; ಪ್ರೊಪೆಲ್ಲರಿಗೂ ಇನ್‌ಟೇಕ್ ಪೈಪಿಗೂ ಬೇಡ. ಬೋಲ್ಟ್ ಬೆರಳಲ್ಲೇ ತಿರುಗಿ ಹೊರಬರುವಷ್ಟು ಭಾರ ತೆಗೆದುಕೊಂಡರೆ ಸಾಕು. ಸುತ್ತಿಗೆಯಿಂದ ಹೊಡೆದು ತೆಗೆಯಬೇಕಾಗಿ ಬಂದರೆ ಪುಲ್ಲಿ ಇನ್ನೂ ಸರಿಯಾಗಿ ಹೊತ್ತಿಲ್ಲ ಎಂದರ್ಥ.

ಒಂದೊಂದು ಮೌಂಟ್ ಬಿಚ್ಚಿದಾಗಲೂ ಅದರ ಪಕ್ಕದ ಉಕ್ಕಿನ ಚೌಕಟ್ಟನ್ನು ಒರೆಸಿ ನೋಡಿ. ಕೊಳವೆಗಳು ಕೂಡುವ ವೆಲ್ಡಿಂಗಿನ ಅಂಚಿನಲ್ಲಿ ಪೇಂಟ್ ಕೂದಲೆಳೆಯಷ್ಟು ಸೀಳಿದೆಯೇ, ತುಕ್ಕಿನ ಗೆರೆ ಒಸರಿದೆಯೇ? 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ನೋಡಿ. ಅನುಮಾನ ಬಂದರೆ ಡೈ ಪೆನಿಟ್ರಂಟ್ (ಬಿರುಕಿಗಿಳಿದು ಅದನ್ನು ತೋರಿಸುವ ಬಣ್ಣದ ದ್ರವ) ಹಾಕಿಸಿ. ಹೊಸೂರಿನಲ್ಲಿ ಅದನ್ನು ಮಾಡುವ ವರ್ಕ್‌ಶಾಪುಗಳು ನಿಮಗೇ ಗೊತ್ತಿರುತ್ತವೆ. ಮೌಂಟ್ ಬದಲಿಸುವ ದಿನವಷ್ಟೇ ಇಷ್ಟು ಹತ್ತಿರದಿಂದ ಇದನ್ನು ನೋಡುವ ಅವಕಾಶ. ಬಿರುಕು ಸಿಕ್ಕರೆ ನಿಮ್ಮಲ್ಲೇ ವೆಲ್ಡಿಂಗ್ ಮೆಷಿನ್ ಇದೆ ಎಂದು ಕೂಡಲೇ ಕೈಹಾಕಬೇಡಿ, ಫೋಟೋ ತೆಗೆದು ಕಿಟ್ಟಿನವರಿಗೆ ಕಳಿಸಿ.

ಹೊಸ ರಬ್ಬರ್ ಒಳಗೆ ಹೋಗಲು ಮೊಂಡು ಮಾಡಿದರೆ ಎಣ್ಣೆ, ಗ್ರೀಸ್ ಹಚ್ಚಬೇಡಿ. ಸೋಪಿನ ನೀರು ಸಾಕು. ಮೌಂಟ್ ಎರಡು ಹೋಳುಗಳದ್ದಾಗಿದ್ದು ಒಂದು ಹೋಳು ಬಿಗಿ, ಇನ್ನೊಂದು ಮೆತ್ತಗಿದ್ದರೆ, ಮೇಲಿನ ಜೋಡಿಯಲ್ಲೂ ಕೆಳಗಿನ ಜೋಡಿಯಲ್ಲೂ ಅವು ಕೂರುವ ಕಡೆ ಅದಲುಬದಲಾಗಿರಬಹುದು. ಮೇಲಿನವು ಎಳೆತದಲ್ಲಿರುತ್ತವೆ, ಕೆಳಗಿನವು ಒತ್ತಡದಲ್ಲಿ. ಬಿಚ್ಚುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ, ಆದರೆ ಡ್ರಾಯಿಂಗನ್ನೇ ನಂಬಿ, ಹಿಂದಿನ ಸಲವೇ ತಪ್ಪಾಗಿ ಕೂರಿಸಿದ್ದಿರಬಹುದು. ದೊಡ್ಡ ವಾಷರುಗಳನ್ನು ಬಿಡಬೇಡಿ. ರಬ್ಬರ್ ಪೂರ್ತಿ ಹರಿದರೂ ಎಂಜಿನ್ ಕಳಚಿ ಬೀಳದಂತೆ ಹಿಡಿಯುವುದು ಅವೇ. ಬೋಲ್ಟುಗಳನ್ನು ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತರಬೇಡಿ. ವಿಮಾನದ ದರ್ಜೆಯವೇ ಬೇಕು. ಫೈರ್‌ವಾಲಿನ ಮುಂದೆ ನೈಲಾನ್ ಉಂಗುರದ ನೈಲಾಕ್ ನಟ್ ಸಲ್ಲದು, 121 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೈಲಾನಿನ ಹಿಡಿತ ಹೋಗುತ್ತದೆ. ಪೂರ್ತಿ ಲೋಹದ ಲಾಕ್ ನಟ್, ಇಲ್ಲವೇ ಸ್ಪ್ಲಿಟ್ ಪಿನ್ ಹಾಕುವ ಕ್ಯಾಸಲ್ ನಟ್, ಡ್ರಾಯಿಂಗ್ ಹೇಳಿದಂತೆ. ಪಿನ್ ಪ್ರತಿ ಸಲವೂ ಹೊಸದೇ.

ಕೊನೆಗೆ ಅರ್ತ್ ಪಟ್ಟಿ. ಇದನ್ನು ಹೇಳದೆ ನನಗೆ ಸಮಾಧಾನವಿಲ್ಲ. ರಬ್ಬರ್ ವಿದ್ಯುತ್ತನ್ನು ಬಿಡುವುದಿಲ್ಲ, ಹಾಗಾಗಿ ಎಂಜಿನ್ನಿನಿಂದ ಚೌಕಟ್ಟಿಗೆ ತಾಮ್ರದ ಹೆಣೆದ ಪಟ್ಟಿಯೊಂದು ಇರಲೇಬೇಕು. ವರ್ಷಗಳ ಹಿಂದೆ ನಾನು ಕೆಲಸಕ್ಕಿದ್ದ ಒಂದು ಕಡೆ ಮೌಂಟ್ ಬದಲಿಸಿದ ಹುಡುಗ ಅದನ್ನು ತಿರುಗಿ ಕಟ್ಟುವುದು ಮರೆತ, ಪರೀಕ್ಷಿಸಬೇಕಾದ ನಾನೂ ನೋಡಲಿಲ್ಲ. ಸ್ಟಾರ್ಟರಿನ ಅಷ್ಟೂ ಕರೆಂಟು ಬೇರೆ ದಾರಿಯಿಲ್ಲದೆ ಥ್ರಾಟಲ್ ಕೇಬಲ್ಲಿನ ತಂತಿಯೊಳಗೆ ಹರಿಯಿತು. ಎರಡೇ ಸಲ ಕ್ರ್ಯಾಂಕ್ ಮಾಡಿದ್ದು. ಕ್ಯಾಬಿನ್ನಿನಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ, ಕೇಬಲ್ ಕವಚದೊಳಗೇ ಅಂಟಿಕೊಂಡಿತ್ತು. ನೆಲದ ಮೇಲೆ ಆದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಪಟ್ಟಿಯ ಎರಡೂ ತುದಿಯ ಪೇಂಟ್ ಕೆರೆದು, ಎಂಜಿನ್ ಓಲಾಡಲು ಸ್ವಲ್ಪ ಸಡಿಲ ಬಿಟ್ಟು ಬಿಗಿಯಿರಿ. ಹೋಸುಗಳಿಗೂ ಕೇಬಲ್ಲುಗಳಿಗೂ ಅದೇ ಸಡಿಲ ಇರಬೇಕು.

ಇಷ್ಟಾದ ಮೇಲೆ ಸ್ಪಿನ್ನರ್ ಮೇಲಕ್ಕೆ ಬಂದಿರುತ್ತದೆ. ಸುತ್ತಲಿನ ಸಂದನ್ನು ನಾಲ್ಕು ಕಡೆ ಅಳೆದು ಲಾಗ್ ಪುಸ್ತಕದಲ್ಲಿ ತಾರೀಖಿನ ಜೊತೆ ಬರೆದಿಡಿ. ನಟ್ಟುಗಳ ಮೇಲೆ ಪೇಂಟಿನ ಗೆರೆ ಎಳೆಯಿರಿ. ಐದಾರು ಗಂಟೆ ಹಾರಾಟದ ಮೇಲೆ ಟಾರ್ಕನ್ನೂ ಸಂದನ್ನೂ ಇನ್ನೊಮ್ಮೆ ನೋಡಿ. ಹೊಸ ರಬ್ಬರ್ ಸ್ವಲ್ಪ ಕೂರುವುದು ಸಹಜ, ಅಷ್ಟಕ್ಕೆ ಗಾಬರಿ ಬೇಡ. ಮೌಂಟಿನ ಸುತ್ತ ಕಪ್ಪು ಪುಡಿ ಉದುರಿದ್ದರೆ ಮಾತ್ರ ಎಲ್ಲೋ ಉಜ್ಜುತ್ತಿದೆ ಎಂದು ತಿಳಿದು ಹುಡುಕಿ.

ನಿಮ್ಮ ಗೆಳೆಯರಿಗೂ ಇದರಲ್ಲಿ ಒಂದು ಕೆಲಸವಿದೆ. ರಬ್ಬರಿನ ಗಡಸುತನ ಅಳೆಯುವ ಶೋರ್ ಮೀಟರ್ ಅವರ ಹತ್ತಿರ ಇದ್ದೇ ಇರುತ್ತದೆ, ಭಾರಕ್ಕೆ ಎಷ್ಟು ತಗ್ಗುತ್ತದೆ ಎಂದು ನೋಡುವ ಪ್ರೆಸ್ಸೂ ಇರಬಹುದು. ಹೊಸ ನಾಲ್ಕು ಮೌಂಟ್ ಕೂರಿಸುವ ಮೊದಲು ಅವುಗಳ ಗಡಸುತನ, ತಗ್ಗು ಎರಡನ್ನೂ ಅಳೆಸಿ, ಹಳೆಯ ನಾಲ್ಕನ್ನೂ ಅಳೆಸಿ, ಅಂಕಿಗಳನ್ನು ಅದೇ ಲಾಗ್ ಪುಸ್ತಕದಲ್ಲಿ ಬರೆಯಿರಿ. ಆಮೇಲೆ ಹಳೆಯದರಲ್ಲಿ ಮೇಲಿನದೊಂದನ್ನು ಹ್ಯಾಕ್ಸಾದಿಂದ ನಡುವೆ ಕೊಯ್ದು, ರಬ್ಬರ್ ಲೋಹದಿಂದ ಎಲ್ಲಿ, ಎಷ್ಟು ಬಿಟ್ಟುಕೊಂಡಿದೆ ನೋಡಿ. ಮುಂದಿನ ಸೆಟ್ಟನ್ನು ಯಾವ ವರ್ಷ ತರಿಸಬೇಕು ಎಂಬುದನ್ನು ಆ ಎರಡು ಹೋಳು ನೋಡಿಯೇ ಹೇಳಬಹುದು. ಫೋಟೋ ಕಳಿಸಿದರೆ ನಾನೂ ನೋಡಿ ಹೇಳುತ್ತೇನೆ.